ಕಲಿತವಳು ಕಲಿಸಿದಳು: ಮಂಗಳೂರಿನ ಮಗಳು ಉಮಾಬಾಯಿ ಕುಂದಾಪುರ

ಮಂಗಳೂರಿನಲ್ಲಿ ಇಂದು ಹೆಣ್ಣುಮಕ್ಕಳು ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುವುದು ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಎಂಜಿನಿಯರಿಂಗ್ ಕಾಲೇಜುಗಳೂ ಸಾಫ್ಟ್‌ವೇರ್ ಸಂಸ್ಥೆಗಳೂ ನೆಲೆಯೂರಿರುವ ನಗರವಿದು. ಆದರೆ ಮದುವೆ, ಮಕ್ಕಳು, ಮನೆವಾರ್ತೆ ಎಂದು ಓದನ್ನು ನಡುವೆಯೇ ಬಿಟ್ಟ ಮಹಿಳೆ ಮತ್ತೆ ಹೊಸ ವಿದ್ಯೆಗೆ ಕೈಹಾಕಿದಾಗ ಎದುರಾಗುವ ಅಳುಕು ಬೇರೆಯೇ. ತುಂಬಿದ ತರಗತಿಯಲ್ಲಿ ಎದ್ದುನಿಂತು ಸಂಶಯ ಕೇಳಲು ಸಂಕೋಚ. ಮನೆಯಲ್ಲಿ ಒಬ್ಬಳೇ ಕುಳಿತರೆ ಮೊದಲ ತೊಡಕಿಗೇ ಉತ್ಸಾಹ ಉಡುಗುತ್ತದೆ. ಅದೇ ನಾಲ್ಕಾರು ಮಂದಿ ಜತೆಗೂಡಿ ಕುಳಿತು, ಒಬ್ಬಳಿಗೆ ತಿಳಿದದ್ದನ್ನು ಇನ್ನೊಬ್ಬಳಿಗೆ ಹೇಳಿಕೊಟ್ಟರೆ ಕಲಿಕೆಯ ಭಾರ ಅರ್ಧಕ್ಕಿಳಿಯುತ್ತದೆ.

ಈ ಸರಳ ಉಪಾಯವನ್ನು ನೂರು ವರ್ಷಗಳ ಹಿಂದೆಯೇ ಬದುಕಿನ ವ್ರತವಾಗಿಸಿಕೊಂಡವರು ಇದೇ ಮಂಗಳೂರಿನಲ್ಲಿ ಹುಟ್ಟಿದ ಉಮಾಬಾಯಿ ಕುಂದಾಪುರ. ಸ್ವಾತಂತ್ರ್ಯ ಹೋರಾಟಗಾರ್ತಿಯಾಗಿ ಅವರ ಹೆಸರು ನಾಡಿಗೆ ಪರಿಚಿತ. ಆದರೆ ಅವರ ಸೆರೆವಾಸ, ಸೇವೆ, ತ್ಯಾಗಗಳ ಬೆನ್ನಿಗೆ ಹೆಣ್ಣು ಹೆಣ್ಣಿಗೆ ಕಲಿಸಿದ ಕಥೆಯೊಂದಿದೆ. ಅದು ಅಷ್ಟಾಗಿ ಬೆಳಕಿಗೆ ಬಂದಿಲ್ಲ.

ಭವಾನಿ ಉಮಾಬಾಯಿಯಾದದ್ದು

1892ರಲ್ಲಿ ಮಂಗಳೂರಿನ ಗೋಳಿಕೇರಿ ಮನೆತನದಲ್ಲಿ ಜನಿಸಿದ ಆಕೆಗೆ ತಂದೆತಾಯಿ ಇಟ್ಟ ಹೆಸರು ಭವಾನಿ. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರು ಅಕ್ಷರಕ್ಕೆ ಅಪರಿಚಿತವಾದ ಊರೇನೂ ಆಗಿರಲಿಲ್ಲ. ಬಾಸೆಲ್ ಮಿಶನ್ 1834ರಲ್ಲಿ ಇಲ್ಲಿಗೆ ಕಾಲಿಟ್ಟಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಇಲ್ಲಿಂದಲೇ. ಭವಾನಿ ಹುಟ್ಟಿದ ಎರಡು ವರ್ಷಗಳ ನಂತರ, 1894ರಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈ ಅವರ ಪ್ರಯತ್ನದಿಂದ ಕೆನರಾ ಬಾಲಕಿಯರ ಶಾಲೆಯೂ ಆರಂಭವಾಯಿತು.

ಆದರೂ ಶಾಲೆ ಇರುವುದು ಬೇರೆ, ಹುಡುಗಿ ಶಾಲೆಯಲ್ಲಿ ಉಳಿಯುವುದು ಬೇರೆ. 1901ರ ಜನಗಣತಿಯಲ್ಲಿ ದೇಶದ ನೂರು ಮಹಿಳೆಯರಲ್ಲಿ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. ಆಟವಾಡುವ ವಯಸ್ಸಿನಲ್ಲೇ ಮದುವೆ ಮಾಡಿಬಿಡುವುದು ಅಂದಿನ ಪದ್ಧತಿ. ಭವಾನಿಗೂ ಬಾಲ್ಯದಲ್ಲೇ ಸಂಜೀವರಾವ್ ಕುಂದಾಪುರ ಅವರೊಂದಿಗೆ ವಿವಾಹವಾಯಿತು. ಆಕೆ ಉಮಾಬಾಯಿಯಾದರು. ಸಾಮಾನ್ಯವಾಗಿ ಓದು ಅಲ್ಲಿಗೇ ಮುಗಿಯಬೇಕಿತ್ತು.

ಹಾಗಾಗಲಿಲ್ಲ. ಮಾವ ಆನಂದರಾವ್ ಕುಂದಾಪುರ ಸುಧಾರಣಾವಾದಿಗಳು. ಸೊಸೆಯ ಓದು ನಿಲ್ಲಬಾರದೆಂದು ಪಟ್ಟುಹಿಡಿದವರು. ಕುಟುಂಬ ಮುಂಬಯಿಯಲ್ಲಿದ್ದ ದಿನಗಳಲ್ಲಿ ಉಮಾಬಾಯಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಉತ್ತೀರ್ಣರಾದರು. ಸಂಸಾರಸ್ಥ ಮಹಿಳೆಯೊಬ್ಬಳು ಅಂದು ಈ ಹಂತ ತಲುಪುವುದು ಅಪರೂಪದ ಸಾಧನೆ.

ಇನ್ನೂ ಮುಖ್ಯವಾದ ಸಂಗತಿ ಅದರ ನಂತರದ್ದು. ಮುಂಬಯಿಯ ಗಾಂವದೇವಿ ಮಹಿಳಾ ಸಮಾಜದಲ್ಲಿ ಮಾವನ ಜತೆಗೂಡಿ ಉಮಾಬಾಯಿ ಇತರ ಮಹಿಳೆಯರಿಗೆ ಪಾಠ ಹೇಳತೊಡಗಿದರು. ತಾವೇ ಆಗಷ್ಟೇ ದಾಟಿ ಬಂದ ಹೊಳೆಯನ್ನು ಇತರರಿಗೆ ದಾಟಿಸುವ ಕೆಲಸವದು. ಎಲ್ಲಿ ಆಳವಿದೆ, ಎಲ್ಲಿ ಕಾಲು ಜಾರುತ್ತದೆ ಎಂಬುದು ಅಂಥವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸಹಪಾಠಿಗಳೇ ಪರಸ್ಪರ ಕಲಿಸುವ ಪದ್ಧತಿಯ ಶಕ್ತಿ ಇರುವುದು ಇಲ್ಲಿಯೇ.

ಮುಂಬಯಿಯಿಂದ ಹುಬ್ಬಳ್ಳಿಗೆ

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ಮುಂಬಯಿಯಲ್ಲಿ ನಿಧನರಾದರು. ಅವರ ಅಂತಿಮಯಾತ್ರೆಗೆ ಹರಿದುಬಂದ ಜನಸಾಗರ ಕುಂದಾಪುರ ದಂಪತಿಯ ಮನಸ್ಸನ್ನು ಕಲಕಿತು. ರಾಷ್ಟ್ರೀಯ ಚಳವಳಿಯತ್ತ ಅವರ ಹೆಜ್ಜೆ ಸಾಗಿತು. ಆದರೆ ಕೆಲವೇ ವರ್ಷಗಳಲ್ಲಿ ಸಂಜೀವರಾವ್ ತೀರಿಕೊಂಡರು.

ಅಂದಿನ ಮೇಲ್ಜಾತಿ ಸಮಾಜದಲ್ಲಿ ವಿಧವೆಯ ಸ್ಥಾನ ಎಲ್ಲಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಶುಭಕಾರ್ಯಗಳಿಗೆ ಆಕೆ ಹೊರಗು. ಮನೆಯ ಹಿಂಭಾಗವೇ ಆಕೆಯ ಪ್ರಪಂಚ. ಉಮಾಬಾಯಿಯ ಪಾಲಿಗೆ ಈ ಬಾಗಿಲು ಮುಚ್ಚದಂತೆ ನೋಡಿಕೊಂಡವರೂ ಮಾವನೇ. ಅವರು ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ನೆಲೆಸಿದರು. ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯ ಆರಂಭಿಸಿದರು. ಅಲ್ಲಿಯೇ ತಿಲಕ ಕನ್ಯಾಶಾಲೆಯ ಹೊಣೆ ಉಮಾಬಾಯಿಯ ಹೆಗಲೇರಿತು.

ಶಾಲೆ ಹುಡುಗಿಯರಿಗಾಯಿತು. ಶಾಲೆಯ ವಯಸ್ಸು ದಾಟಿದವರ ಗತಿ? ಅಂಥ ಮಹಿಳೆಯರನ್ನೂ ಒಗ್ಗೂಡಿಸುವ ಸಂಘಟನೆಯಾಗಿ ಉಮಾಬಾಯಿ ಭಗಿನಿ ಮಂಡಲವನ್ನು ಸ್ಥಾಪಿಸಿದರು. ಈ ಹೆಸರನ್ನು ಗಮನಿಸಬೇಕು. ಭಗಿನಿ ಎಂದರೆ ಸೋದರಿ. ಇದು ಗುರುವಿನ ಮುಂದೆ ಶಿಷ್ಯೆಯರು ಕೈಕಟ್ಟಿ ಕುಳಿತುಕೊಳ್ಳುವ ಪಾಠಶಾಲೆಯ ಹೆಸರಲ್ಲ, ಅಕ್ಕತಂಗಿಯರು ಒಂದೆಡೆ ಸೇರುವ ಕೂಟದ ಹೆಸರು. 1921ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರಸ್ಥ ಮಹಿಳೆಯರ ಪ್ರಮಾಣ ಶೇ. 2ಕ್ಕಿಂತಲೂ ಕಡಿಮೆ. ಅಂಥ ಕಾಲದಲ್ಲಿ ತರಬೇತಿ ಪಡೆದ ಶಿಕ್ಷಕಿಯರಿಗಾಗಿ ಕಾಯುತ್ತ ಕುಳಿತರೆ ಒಂದು ತಲೆಮಾರೇ ಕಳೆದುಹೋಗುತ್ತಿತ್ತು. ಬಲ್ಲವಳೇ ಶಿಕ್ಷಕಿಯಾಗದೆ ಬೇರೆ ದಾರಿಯಿರಲಿಲ್ಲ.

ಬೆಳಗಾವಿಯ ಸ್ವಯಂಸೇವಿಕೆಯರು

ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದಾಗ ಅದರ ಮಹಿಳಾ ವಿಭಾಗದ ಮುಂದಾಳತ್ವ ಉಮಾಬಾಯಿಯವರಿಗೆ ಬಂತು. ಅವರು ಊರೂರು ಸುತ್ತಿದರು. ಮಂಗಳೂರಿನಲ್ಲೇ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದೇ ಕಾಲದಲ್ಲಿ ಸೇವಾದಳದ ಮಹಿಳಾ ಕಾರ್ಯದಲ್ಲಿ ತೊಡಗಿಕೊಂಡಿದ್ದರು ಎಂಬುದು ಉಲ್ಲೇಖನೀಯ. ಕಡಲತಡಿಯ ಒಂದೇ ಊರು ರಾಷ್ಟ್ರೀಯ ಚಳವಳಿಗೆ ಇಬ್ಬರು ಸಂಘಟಕಿಯರನ್ನು ಕೊಟ್ಟಿತ್ತು.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಮಹಾತ್ಮ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅದಕ್ಕಾಗಿ ಉಮಾಬಾಯಿ 150ಕ್ಕೂ ಹೆಚ್ಚು ಸ್ವಯಂಸೇವಿಕೆಯರನ್ನು ಅಣಿಗೊಳಿಸಿದರು. ಅವರಲ್ಲಿ ಮಧ್ಯಮ ವರ್ಗದ ಗೃಹಿಣಿಯರಿದ್ದರು, ವಿಧವೆಯರೂ ಇದ್ದರು. ಮನೆಯ ಹೊಸ್ತಿಲು ದಾಟುವುದಕ್ಕೇ ಹತ್ತು ಬಾರಿ ಯೋಚಿಸಬೇಕಿದ್ದ ಹೆಣ್ಣುಮಕ್ಕಳು ದೇಶದ ಮೂಲೆಮೂಲೆಗಳಿಂದ ಬಂದ ಸಾವಿರಾರು ಜನರ ನಡುವೆ ನಿಂತು ಕೆಲಸ ಮಾಡಿದರು.

ಇದು ಒಬ್ಬರ ಭಾಷಣದಿಂದ ಆಗುವಂಥದ್ದಲ್ಲ. ಪಕ್ಕದ ಮನೆಯವಳು ಹೊರಟಿದ್ದಾಳೆ ಎಂಬ ಧೈರ್ಯವೇ ಇನ್ನೊಬ್ಬಳನ್ನು ಹೊರಡಿಸುತ್ತದೆ. ಸ್ವತಃ ವಿಧವೆಯಾದವರು ಬಂದು ಕರೆದಾಗ ಮನೆಯ ಹಿರಿಯರಿಗೂ ಇಲ್ಲವೆನ್ನುವುದು ಅಷ್ಟು ಸುಲಭವಾಗಿರಲಿಲ್ಲ. ಉಮಾಬಾಯಿಯವರ ಬಲ ಇದ್ದದ್ದು ಅವರ ಪದವಿಯಲ್ಲಲ್ಲ, ಅವರೂ ತಮ್ಮಂತೆಯೇ ನೊಂದವರೆಂದು ಆ ಹೆಂಗಸರು ಕಂಡುಕೊಂಡಿದ್ದರಲ್ಲಿ.

ಶಾಲೆಗೆ ಬಿದ್ದ ಬೀಗ

1932ರ ಚಳವಳಿಯಲ್ಲಿ ಉಮಾಬಾಯಿ ಬಂಧಿತರಾಗಿ ಯೆರವಡಾ ಸೆರೆಮನೆ ಸೇರಿದರು. ನಾಲ್ಕು ತಿಂಗಳ ಆ ಅವಧಿಯಲ್ಲಿಯೇ ಅವರ ಬದುಕಿನ ಅತಿದೊಡ್ಡ ಆಘಾತ ಎರಗಿತು. ಓದಿಸಿ ಬೆಳೆಸಿದ ಮಾವ ಆನಂದರಾವ್ ಹೊರಗೆ ಕೊನೆಯುಸಿರೆಳೆದರು. ಸೆರೆಮನೆಯಲ್ಲಿ ಜತೆಗಿದ್ದ ಸರೋಜಿನಿ ನಾಯ್ಡು ಅವರೇ ಸಾಂತ್ವನ ಹೇಳಬೇಕಾಯಿತು.

ಬಿಡುಗಡೆಯಾಗಿ ಬಂದಾಗ ಕಾದಿದ್ದದ್ದು ಮತ್ತೊಂದು ಬಗೆಯ ಸೂತಕ. ಸರಕಾರ ಮುದ್ರಣಾಲಯವನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಶಾಲೆಗೆ ಮೊಹರು ಬಿದ್ದಿತ್ತು. ಭಗಿನಿ ಮಂಡಲವನ್ನು ಕಾನೂನುಬಾಹಿರ ಎಂದು ಘೋಷಿಸಲಾಗಿತ್ತು. ಹೆಂಗಸರು ಸೇರಿ ಕಲಿಯುವ ಕೂಟವೊಂದನ್ನು ಸಾಮ್ರಾಜ್ಯವೇ ನಿಷೇಧಿಸಬೇಕಾಯಿತು ಎಂದರೆ ಅದರ ಪರಿಣಾಮ ಎಷ್ಟಿತ್ತೆಂದು ಊಹಿಸಬಹುದು.

ಕಟ್ಟಡ ಹೋಯಿತು, ಕೆಲಸ ನಿಲ್ಲಲಿಲ್ಲ. ಉತ್ತರ ಕನ್ನಡದ ಅಂಕೋಲಾ, ಶಿರಸಿ ಮುಂತಾದೆಡೆಗಳಿಂದ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಜೈಲು ಸೇರಿದ್ದ ಮಹಿಳೆಯರು ಬಿಡುಗಡೆಯಾದಾಗ ಎಲ್ಲಿಗೆ ಹೋಗಬೇಕೆಂದು ತೋಚದೆ ನಿಂತಿದ್ದರು. ಜೈಲು ಕಂಡು ಬಂದ ಹೆಣ್ಣನ್ನು ಎಲ್ಲ ಮನೆಗಳೂ ಸ್ವಾಗತಿಸುವ ಕಾಲವಾಗಿರಲಿಲ್ಲ. ಅಂಥವರಿಗೆ ಹುಬ್ಬಳ್ಳಿಯ ಉಮಾಬಾಯಿಯವರ ಪುಟ್ಟ ಮನೆಯೇ ಆಸರೆಯಾಯಿತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪ ಸಂಭವಿಸಿದಾಗ ಅವರು ಸ್ವಯಂಸೇವಕರೊಂದಿಗೆ ಅಲ್ಲಿಗೆ ಧಾವಿಸಿ ಸಂತ್ರಸ್ತರ ಸೇವೆಗೈದರು. 1942ರ ಚಳವಳಿಯಲ್ಲಿ ಭೂಗತರಾಗಿದ್ದ ಹೋರಾಟಗಾರರಿಗೆ ರಾತ್ರಿಹೊತ್ತು ಅನ್ನ, ಆಶ್ರಯ ಸಿಕ್ಕಿದ್ದು ಇದೇ ಮನೆಯಲ್ಲಿ.

1946: ಎರಡು ಖಂಡ, ಒಂದೇ ಪಾಠ

1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟ್‌ನ ಕರ್ನಾಟಕ ಶಾಖೆಯ ಹೊಣೆಯನ್ನು ಉಮಾಬಾಯಿಯವರಿಗೆ ವಹಿಸಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರನ್ನಾಗಿ ರೂಪಿಸುವ ಕೆಲಸವದು. ಆರೋಗ್ಯ, ಶಿಶುಪಾಲನೆ, ಅಕ್ಷರಾಭ್ಯಾಸ ಇವುಗಳ ತಿಳಿವಳಿಕೆ ಪಡೆದವರು ಹಳ್ಳಿಗಳಿಗೆ ತೆರಳಿ ಅಲ್ಲಿನ ಮಹಿಳೆಯರಿಗೆ ಅದನ್ನು ತಲುಪಿಸಬೇಕು. ಹಣದ ಅಭಾವ ಕಾಡಿದಾಗ ಉಮಾಬಾಯಿ ಮನೆಮನೆಗೆ ತೆರಳಿ ಕೈಯೊಡ್ಡಿದರು. ತಮಗಾಗಿ ಎಂದೂ ಕೈಯೊಡ್ಡದವರು ಇತರರ ಕಲಿಕೆಗಾಗಿ ಬೇಡಲು ನಾಚಲಿಲ್ಲ.

ಅದೇ 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ದೈತ್ಯ ಕಂಪ್ಯೂಟರನ್ನು ಲೋಕದ ಮುಂದೆ ಅನಾವರಣಗೊಳಿಸಲಾಯಿತು. ಅದರ ಲೆಕ್ಕಾಚಾರಕ್ಕೆ ಪ್ರೋಗ್ರಾಮ್ ಸಿದ್ಧಪಡಿಸಿದವರು ಆರು ಮಂದಿ ಮಹಿಳೆಯರು. ಅವರಿಗೆ ಪಠ್ಯಪುಸ್ತಕವಿರಲಿಲ್ಲ, ಕೈಪಿಡಿಯಿರಲಿಲ್ಲ. ಆ ವಿದ್ಯೆಯನ್ನು ಕಲಿಸಬಲ್ಲ ಶಿಕ್ಷಕರೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಮುಂದೆ ಹರಡಿಕೊಂಡು, ಒಬ್ಬರನ್ನೊಬ್ಬರು ಪ್ರಶ್ನಿಸುತ್ತ, ತಪ್ಪುಗಳನ್ನು ತಿದ್ದಿಕೊಳ್ಳುತ್ತ ಅವರು ಕಲಿತರು. ಅವರ ಹೆಸರುಗಳು ಲೋಕಕ್ಕೆ ಸರಿಯಾಗಿ ತಿಳಿಯಲು ದಶಕಗಳೇ ಬೇಕಾದವು.

ಹುಬ್ಬಳ್ಳಿಯ ಉಮಾಬಾಯಿಗೆ ಫಿಲಡೆಲ್ಫಿಯಾದ ಆ ಆರು ಮಂದಿ ಗೊತ್ತಿರಲಿಕ್ಕಿಲ್ಲ. ಅವರಿಗೆ ಇವರಂತೂ ಗೊತ್ತಿರಲು ಸಾಧ್ಯವೇ ಇಲ್ಲ. ಒಂದೆಡೆ ಅಕ್ಷರ ಮತ್ತು ಆರೋಗ್ಯದ ಪಾಠ, ಇನ್ನೊಂದೆಡೆ ಯಂತ್ರಕ್ಕೆ ಲೆಕ್ಕ ಒಪ್ಪಿಸುವ ಪಾಠ. ವಿದ್ಯೆ ಯಾವುದೇ ಇರಲಿ, ಕಲಿಸುವವರು ಇಲ್ಲದ ಕಡೆ ಕಲಿಯುವವರೇ ಒಬ್ಬರಿಗೊಬ್ಬರು ಗುರುವಾಗಬಹುದು ಎಂಬುದನ್ನು ಎರಡೂ ತೋರಿಸಿಕೊಟ್ಟವು.

ಬೇಡವೆಂದ ಗೌರವಗಳು

ಸ್ವಾತಂತ್ರ್ಯ ಬಂದ ಮೇಲೆ ಹೋರಾಟಗಾರರಿಗೆ ತಾಮ್ರಪತ್ರ, ಪಿಂಚಣಿ, ಪದವಿಗಳು ಬಂದವು. ಉಮಾಬಾಯಿ ಅವುಗಳನ್ನು ಸ್ವೀಕರಿಸಲಿಲ್ಲ. ಮಾಡಿದ್ದಕ್ಕೆ ಪ್ರತಿಫಲ ಪಡೆಯುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ರಾಜಕೀಯದ ಗದ್ದಲದಿಂದ ದೂರವೇ ಉಳಿದರು.

ಅವರ ಬದುಕನ್ನು ತ್ಯಾಗದ ಕಥೆಯಾಗಿ ಮಾತ್ರ ಹೇಳಿ ಮುಗಿಸುವುದು ವಾಡಿಕೆ. ಅದು ಅರ್ಧಸತ್ಯ. ಸೊಸೆಗೆ ಓದಿಸಿದ ಮಾವ ಇಲ್ಲದಿದ್ದರೆ ಭವಾನಿ ಎಂಬ ಹುಡುಗಿಯ ಕಥೆಯೂ ಆ ಕಾಲದ ಲಕ್ಷಾಂತರ ಬಾಲವಧುಗಳ ಕಥೆಯಂತೆ ಹೇಳಹೆಸರಿಲ್ಲದೆ ಹೋಗುತ್ತಿತ್ತು. ತಮಗೆ ದೊರೆತದ್ದು ಅದೃಷ್ಟ ಎಂಬುದನ್ನು ಬಲ್ಲವರಂತೆ ಅವರು ನಡೆದುಕೊಂಡರು. ಎಲ್ಲ ಹೆಣ್ಣುಮಕ್ಕಳಿಗೂ ಅಂಥ ಮಾವ ಸಿಗುವುದಿಲ್ಲ. ಆದ್ದರಿಂದಲೇ ಅವರಿಗೊಂದು ಭಗಿನಿ ಮಂಡಲ ಬೇಕಾಗಿತ್ತು.

ಮಂಗಳೂರಿನಲ್ಲಿ ಇಂದು ಗೆಳತಿಯರ ಜತೆಗೂಡಿ ಕಂಪ್ಯೂಟರ್ ಭಾಷೆ ಕಲಿಯಬೇಕೆನ್ನುವ ಮಹಿಳೆಗೆ ಮೊಹರು ಹಾಕುವ ಸರಕಾರದ ಭಯವಿಲ್ಲ. ಆಕೆಗೆ ಬೇಕಾದದ್ದು ವಾರಕ್ಕೆರಡು ಗಂಟೆ ಬಿಡುವು, ಕುಳಿತುಕೊಳ್ಳಲೊಂದು ಜಾಗ, ತನಗಿಂತ ಒಂದು ಪಾಠ ಮುಂದಿರುವ ಒಬ್ಬ ಗೆಳತಿ. ಆ ಗೆಳತಿ ಪಂಡಿತೆಯಾಗಿರಬೇಕಿಲ್ಲ. ಗಾಂವದೇವಿಯಲ್ಲಿ ಪಾಠ ಹೇಳಲು ನಿಂತ ಉಮಾಬಾಯಿಯೂ ಆಗ ಪಂಡಿತೆಯಾಗಿರಲಿಲ್ಲ.

1992ರಲ್ಲಿ, ನೂರರ ಹೊಸ್ತಿಲಲ್ಲಿ, ಉಮಾಬಾಯಿ ಹುಬ್ಬಳ್ಳಿಯ ತಮ್ಮ ಮನೆಯಲ್ಲಿ ಕಣ್ಮುಚ್ಚಿದರು. ಆ ಪುಟ್ಟ ಮನೆಯ ಹೆಸರು ಆನಂದ ಸ್ಮೃತಿ. ಬಾಲವಧುವಾಗಿ ಬಂದ ಹುಡುಗಿಯ ಕೈಗೆ ಪುಸ್ತಕ ಕೊಟ್ಟ ಮಾವನ ಹೆಸರು ಕೊನೆಯವರೆಗೂ ಆ ಮನೆಯ ಹೆಸರಿನಲ್ಲಿ ಉಳಿದಿತ್ತು.