ಮಿಥಿಲೆಯ ಕರ್ಣಾಟ ದೊರೆ ನಾನ್ಯದೇವ

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ದಂಡು ಗೌಡ-ಕಾಮರೂಪಗಳ ವರೆಗೂ ನಡೆಯಿತೆಂದು ಬಿಲ್ಹಣನು ಬಣ್ಣಿಸಿದ್ದನ್ನು ಬರಿಯ ಕವಿಸಮಯವೆಂದು ತಳ್ಳಿಹಾಕುವವರುಂಟು. ಆದರೆ ಆ ದಂಡಯಾತ್ರೆಗಳ ತರುವಾಯವೇ ಬಂಗಾಲದಲ್ಲಿ ಸೇನರೂ ಮಿಥಿಲೆಯಲ್ಲಿ ನಾನ್ಯದೇವನೂ ತಲೆಯೆತ್ತಿದರು. ಎರಡೂ ಮನೆತನಗಳು ಕರ್ಣಾಟವೆನಿಸಿಕೊಂಡವು.

ಕ್ರಿ.ಶ. 1097ರಲ್ಲಿ ನಾನ್ಯದೇವನು ಸಿಮ್ರೌನಗಡದಲ್ಲಿ ರಾಜಧಾನಿಯನ್ನು ಕಟ್ಟಿದನು. ಹಿಮಾಲಯದ ಬುಡದ ಆ ಸ್ಥಳವು ಈಗ ನೇಪಾಳಕ್ಕೆ ಸೇರಿರುತ್ತದೆ. ಇದಕ್ಕೆ ಎರಡೇ ವರ್ಷ ಮೊದಲು, 1095ರಲ್ಲಿ, ನಮ್ಮ ಡಂಬಳದಲ್ಲಿ ಸೆಟ್ಟರು ಕಟ್ಟಿಸಿದ ಬುದ್ಧವಿಹಾರಕ್ಕೂ ತಾರಾದೇವಿಯ ವಿಹಾರಕ್ಕೂ ದತ್ತಿ ದೊರೆತುದನ್ನು ಅಲ್ಲಿಯ ಶಾಸನವು ತಿಳಿಸುತ್ತದೆ. ಶೈವರೂ ಬೌದ್ಧರೂ ನೆರೆಹೊರೆಯಾಗಿ ಬಾಳುವ ಕ್ರಮವು ಕರ್ಣಾಟದವರಿಗೆ ಹೊಸದಾಗಿರಲಿಲ್ಲ.

ನಾನ್ಯದೇವನು ಕೇವಲ ಕತ್ತಿಯ ವೀರನಲ್ಲ. ಭರತನ ನಾಟ್ಯಶಾಸ್ತ್ರಕ್ಕೆ ‘ಭರತಭಾಷ್ಯ’ವೆಂಬ ವ್ಯಾಖ್ಯಾನವನ್ನು ಬರೆದು ಸಂಗೀತವನ್ನು ವಿಸ್ತಾರವಾಗಿ ಚರ್ಚಿಸಿದನು. ಗಾಯನಕ್ಕೆ ಹೆಸರಾದ ಹುಬ್ಬಳ್ಳಿ-ಧಾರವಾಡದವರಾದರೂ ಈ ಗ್ರಂಥಕಾರನನ್ನು ನೆನೆಯಬೇಡವೇ? ಬಂಗಾಲದ ವಿಜಯಸೇನನಾದರೋ ಆತನನ್ನು ಸೋಲಿಸಿದೆನೆಂದು ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಕರ್ಣಾಟರು ಕರ್ಣಾಟರನ್ನೇ ಕೆಡಹುವ ಚಟವು ಅಷ್ಟು ದೂರಕ್ಕೂ ಹೋಯಿತು!

ನಾನ್ಯದೇವನೇ ನೇಪಾಳದ ಕಣಿವೆಯನ್ನು ಗೆದ್ದು ಆಳಿದನೆಂದು ಅಲ್ಲಿಯ ವಂಶಾವಳಿಗಳು ಹೇಳುತ್ತವೆ. ನಮ್ಮ ಅಭಿಮಾನಕ್ಕೆ ಇದು ಹಿತವಾದರೂ ಒಪ್ಪತಕ್ಕ ಮಾತಲ್ಲ. ಆ ಕಾಲದ ನೇಪಾಳದ ಹಸ್ತಪ್ರತಿಗಳಲ್ಲಿ ಅಲ್ಲಿಯ ದೊರೆಗಳ ಹೆಸರುಗಳೇ ಇವೆ. ಆತನ ವಂಶವು ಕಣಿವೆಯನ್ನು ಸೇರಿದ್ದು ಜಯಭೇರಿಯೊಡನೆ ಅಲ್ಲ, ನಿರಾಶ್ರಿತರ ಗಂಟುಮೂಟೆಯೊಡನೆ. ಘಿಯಾಸುದ್ದೀನ್ ತುಘಲಕನ ದಾಳಿಯಿಂದ ಸಿಮ್ರೌನಗಡವು ಹಾಳಾಗಲು ಹರಿಸಿಂಹದೇವನು ಬೆಟ್ಟಗಳತ್ತ ಓಡಿ, 1326ರಲ್ಲಿ ದಾರಿಯಲ್ಲಿಯೇ ಮಡಿದನು. ರಾಣಿ ದೇವಲದೇವಿಯು ಭಕ್ತಪುರದಲ್ಲಿ ಆಶ್ರಯ ಪಡೆದು, ಕಾಲಾನುಕ್ರಮದಲ್ಲಿ ಅಲ್ಲಿಯ ರಾಜ್ಯಭಾರದ ಸೂತ್ರಗಳನ್ನೇ ಕೈಗೆ ತೆಗೆದುಕೊಂಡಳು. ಆಕೆಯ ಮೊಮ್ಮಗಳು ರಾಜಲ್ಲದೇವಿಯನ್ನು ವರಿಸಿದವನೇ ಜಯಸ್ಥಿತಿಮಲ್ಲ. ಈ ಸಂಬಂಧದಿಂದಲೇ ಮಲ್ಲ ಅರಸರು ನಾನ್ಯದೇವನನ್ನು ತಮ್ಮ ಮೂಲಪುರುಷನೆಂದು ಎಣಿಸಿದರು. 17ನೆಯ ಶತಮಾನದ ಪ್ರತಾಪಮಲ್ಲನ ಶಾಸನದಲ್ಲಿಯೂ ಆ ಹೆಸರು ಕೆತ್ತಲ್ಪಟ್ಟಿದೆ. ಆಳದ ನಾಡಿನಲ್ಲಿ ಆತನ ಹೆಸರುಳಿಯಿತು, ಆಳಿದ ಕೋಟೆಯು ಮಣ್ಣಾಯಿತು.

ಮಲ್ಲರ ಕುಲದೇವಿ ತಲೇಜುವನ್ನು ಹರಿಸಿಂಹನ ಪರಿವಾರವೇ ತಂದಿತೆಂದು ನೇಪಾಳದ ಸಂಪ್ರದಾಯವು ನಂಬುತ್ತದೆ. ಕಾಠಮಾಂಡುವಿನಲ್ಲಿ ಆ ದೇವಿಗೆ 1564ರಲ್ಲಿ ಮಹೇಂದ್ರಮಲ್ಲನು ದೊಡ್ಡ ಗುಡಿಯನ್ನು ಕಟ್ಟಿಸಿದನು. ಆಕೆಯ ಸಜೀವ ರೂಪವೆಂದು ಇಂದಿಗೂ ಅಲ್ಲಿ ಪೂಜೆಗೊಳ್ಳುವ ಕುಮಾರಿಯನ್ನು ಬೌದ್ಧರಾದ ಶಾಕ್ಯರ ಮನೆಯಿಂದಲೇ ಆರಿಸುವರು.