ಸರ್ ಥಾಮಸ್ ಮನ್ರೋ ದೊರೆಯ ಚರಿತ್ರೆಯೂ ನಮ್ಮ ಆಯುಷ್ಯವೂ

ಬಳ್ಳಾರಿ ಸೀಮೆಯ ಚರಿತ್ರೆಯಲ್ಲಿ ಮನ್ರೋ ದೊರೆಯ ಹೆಸರು ಪ್ರಸಿದ್ಧವಾದದ್ದು. ಈತನು 1761ನೆಯ ಇಸವಿ ಮೇ 27ರಂದು ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ಪಟ್ಟಣದಲ್ಲಿ ವರ್ತಕನ ಮಗನಾಗಿ ಹುಟ್ಟಿ, 1780ರಲ್ಲಿ ಕುಂಪಣಿಯ ಸಿಪಾಯಿಗಿರಿಗೆ ಸೇರಿ ಮದ್ರಾಸಿಗೆ ಬಂದನು. ಹೈದರಾಲಿಯೊಡನೆಯೂ ಟಿಪ್ಪುವಿನೊಡನೆಯೂ ನಡೆದ ಯುದ್ಧಗಳಲ್ಲಿದ್ದು ಜೀವಸಹಿತ ಉಳಿದನು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಡಲು, ಮನ್ರೋ ದತ್ತಮಂಡಲಗಳ ಮುಖ್ಯ ಕಲೆಕ್ಟರನಾದನು. ಬಳ್ಳಾರಿ, ಸಿರುಗುಪ್ಪ, ಹಗರಿ ಹೊಳೆಯ ಬಳಿಯ ರಾರಾವಿ ಮೊದಲಾದ ಊರುಗಳ ಸೀಮೆಯೆಲ್ಲ ಆತನ ಕೈಕೆಳಗೆ ಬಂದಿತು. ಏಳು ವರ್ಷಕಾಲ ಡೇರೆ ಹಾಕಿಕೊಂಡು ಊರೂರು ತಿರುಗಿ, ರಯತರ ಅಹವಾಲು ಕೇಳಿ, ಹೊಲಗಳನ್ನು ಅಳೆಯಿಸಿ, ಕಂದಾಯವನ್ನು ರಯತನೊಡನೆಯೇ ಗೊತ್ತುಮಾಡಿದನು. ಅದು ಭಾರವೆಂದು ಕಂಡು, ನಾಲ್ಕರಲ್ಲೊಂದು ಪಾಲು ಇಳಿಸಬೇಕೆಂದು 1807ರಲ್ಲಿ ಮೇಲಧಿಕಾರಿಗಳಿಗೆ ಬರೆದನು. ಆಗ ನಡೆಯದ ಆ ಕೆಲಸವು ಆತನು 1820ರಲ್ಲಿ ಮದ್ರಾಸಿನ ಗವರ್ನರನಾದ ಮೇಲೆ ನಡೆಯಿತು.

1827ರಲ್ಲಿ ಸ್ವದೇಶಕ್ಕೆ ಹೊರಡುವ ಮುಂಚೆ ತನ್ನ ಹಳೆಯ ರಯತರನ್ನು ಕಡೆಯ ಸಾರಿ ನೋಡಬೇಕೆಂದು ಈ ಕಡೆಗೆ ಪ್ರಯಾಣಮಾಡಿದನು. ದಾರಿಯಲ್ಲಿ ದಂಡಿನವರಿಗೆ ವಾಂತಿಭೇದಿ ತಗಲಿತು. ಜುಲೈ 6ರ ಬೆಳಿಗ್ಗೆ, ಈಗ ಕರ್ನೂಲು ಜಿಲ್ಲೆಯಲ್ಲಿರುವ ಪತ್ತಿಕೊಂಡದಲ್ಲಿ, ದೊರೆಗೂ ಅದೇ ರೋಗ ಹಿಡಿಯಿತು. ಅದೇ ರಾತ್ರಿ ತನ್ನ 66ನೆಯ ವಯಸ್ಸಿನಲ್ಲಿ ತೀರಿಹೋದನು. ಗುತ್ತಿಯಲ್ಲಿ ಆತನನ್ನು ಹೂಣಿಟ್ಟರು. 1831ರಲ್ಲಿ ದೇಹವನ್ನು ಮದ್ರಾಸಿನ ಕೋಟೆಯ ಸಂತ ಮೇರಿಯ ದೇವಾಲಯಕ್ಕೆ ಸಾಗಿಸಿದರು.

ಪ್ರಿಯ ವಾಚಕರೇ, ದೊಡ್ಡ ಪ್ರಾಂತ್ಯವನ್ನಾಳಿದವನು ಒಂದೇ ಹಗಲಿನಲ್ಲಿ ಸತ್ತದ್ದೇಕೆ? ರೋಗವು ಕೆಟ್ಟ ನೀರಿನಿಂದ ಬರುವುದೆಂದು ಆ ಕಾಲದ ವೈದ್ಯರಿಗೆ ತಿಳಿದಿರಲಿಲ್ಲ. ದೇಹವು ಕಳೆದುಕೊಂಡ ನೀರನ್ನೂ ಉಪ್ಪನ್ನೂ ತಿರಿಗಿ ತುಂಬಬೇಕೆಂಬುದೂ ತಿಳಿದಿರಲಿಲ್ಲ. 1854ರಲ್ಲಿ ಲಂಡನಿನ ವೈದ್ಯ ಜಾನ್ ಸ್ನೋ ನೀರೇ ಕಾರಣವೆಂದು ತೋರಿಸಿದನು. 1884ರಲ್ಲಿ ಜರ್ಮನಿಯ ಕಾಖ್ ಪಂಡಿತನು ಕಲ್ಕತ್ತೆಯಲ್ಲಿ ರೋಗದ ಕ್ರಿಮಿಯನ್ನು ಬೇರ್ಪಡಿಸಿದನು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶದವರ ಸರಾಸರಿ ಆಯುಷ್ಯ ಸುಮಾರು 32 ವರ್ಷವಾಗಿತ್ತು. ಈಗ ಅದು ಸುಮಾರು 70 ಆಗಿದೆ. ಪೂರ್ವದಲ್ಲಿ ಮುದುಕರೇ ಇರಲಿಲ್ಲವೆಂದು ಇದರ ಅರ್ಥವಲ್ಲ. ತೊಟ್ಟಿಲಲ್ಲಿಯೇ ಸಾಯುತ್ತಿದ್ದ ಕೂಸುಗಳು ಈಗ ಬದುಕಿ ಬೆಳೆಯುತ್ತಿರುವದೇ ಈ ಹೆಚ್ಚಳಕ್ಕೆ ಮುಖ್ಯ ಕಾರಣ. ಶುದ್ಧವಾದ ನೀರು, ದೇವಿ ಮುಂತಾದ ರೋಗಗಳಿಗೆ ಚುಚ್ಚುಮದ್ದು, ಹೊಟ್ಟೆಗೆ ಸಾಕಷ್ಟು ಅನ್ನ, ಇವು ಆ ಕೂಸುಗಳನ್ನು ಕಾಪಾಡಿದವು.

ಆದದರಿಂದ ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆಯನ್ನೂ ಅರ್ಧ ಚಿಕ್ಕ ಚಮಚ ಉಪ್ಪನ್ನೂ ಸಮಮಟ್ಟವಾಗಿ ಅಳೆದು ಕರಗಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಮನ್ರೋ ದೊರೆಗೆ ದೊರೆಯದ ಈ ಔಷಧವು ಇಂದು ಬಡವನ ಗುಡಿಸಲಿನಲ್ಲಿಯೂ ಉಂಟು.