ರಂಗ ತೊರೆದು ಕೋಣೆಗಳಿಗೆ ಬೆಳಕು ತಂದ ಎಲ್ಸಿ ಡಿ ವೂಲ್ಫ್

1905ರ ನ್ಯೂಯಾರ್ಕ್. ನಲವತ್ತೈದರ ವಯಸ್ಸಿನ ರಂಗನಟಿಯೊಬ್ಬರು ಪರಿಚಿತರಿಗೆಲ್ಲ ಪುಟ್ಟದೊಂದು ಕಾರ್ಡ್ ಕಳುಹಿಸಿದರು. ಅದರ ಮೇಲೆ ಮುಂಗಾಲಿನಲ್ಲಿ ಹೂವು ಹಿಡಿದ ತೋಳದ ಚಿತ್ರ. ಇನ್ನು ಮುಂದೆ ತಾವು ಮನೆಗಳ ಒಳಾಂಗಣವನ್ನು ಅಲಂಕರಿಸಿಕೊಡುವುದಾಗಿ ಆಕೆ ತಿಳಿಸಿದ್ದರು. ನಟಿಯ ಹೆಸರು ಎಲ್ಸಿ ಡಿ ವೂಲ್ಫ್. ತೋಳವು ಅಡ್ಡಹೆಸರಿನ ಮೇಲಿನ ಶ್ಲೇಷೆ.

ಇಂದಿಗೆ ಇದು ಸಾಮಾನ್ಯ ಸುದ್ದಿ. ಆದರೆ ಆ ಕಾಲದಲ್ಲಿ ಶ್ರೀಮಂತರ ಮನೆಯೊಳಗನ್ನು ಸಿಂಗರಿಸುತ್ತಿದ್ದವರು ವಾಸ್ತುಶಿಲ್ಪಿಗಳು, ಪೀಠೋಪಕರಣದ ವ್ಯಾಪಾರಿಗಳು, ಪರದೆ ಹೊಲಿಯುವವರು. ಬಹುಮಟ್ಟಿಗೆ ಎಲ್ಲರೂ ಗಂಡಸರು. ಕೈಯಲ್ಲಿ ಪದವಿಯಿಲ್ಲದ, ಅಂಗಡಿಯಿಲ್ಲದ ಅವಿವಾಹಿತ ಮಹಿಳೆಯೊಬ್ಬಳು ಕೇವಲ ತನ್ನ ಅಭಿರುಚಿಗೆ ಶುಲ್ಕ ಕೇಳುವುದೆಂದರೆ ಸಣ್ಣ ಸಾಹಸವಲ್ಲ.

1859ರಲ್ಲಿ ನ್ಯೂಯಾರ್ಕಿನ ವೈದ್ಯರ ಮಗಳಾಗಿ ಹುಟ್ಟಿದ ಎಲ್ಸಿಗೆ ಬಾಲ್ಯದಿಂದಲೂ ವಿಕಾರವೆಂದರೆ ಸಹಿಸಲಾಗದು. ಒಮ್ಮೆ ಶಾಲೆಯಿಂದ ಮರಳಿದಾಗ ಮನೆಯ ಹಜಾರಕ್ಕೆ ಹೊಸ ಗೋಡೆಕಾಗದ ಅಂಟಿಸಿದ್ದನ್ನು ಕಂಡು ನೆಲಕ್ಕೆ ಬಿದ್ದು ಹೊರಳಾಡಿ ಅತ್ತದ್ದನ್ನು ಆಕೆ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1890ರಲ್ಲಿ ತಂದೆ ತೀರಿಕೊಂಡರು. ದುಡಿಮೆ ಅನಿವಾರ್ಯವಾಯಿತು. ಹವ್ಯಾಸವಾಗಿದ್ದ ನಾಟಕವೇ ಮರುವರ್ಷದಿಂದ ವೃತ್ತಿಯಾಯಿತು. ನಟನೆಗೆ ಸಿಕ್ಕಿದ್ದು ಸಾಧಾರಣ ಮೆಚ್ಚುಗೆ. ಪ್ಯಾರಿಸ್ಸಿನಿಂದ ತರಿಸಿ ತೊಡುತ್ತಿದ್ದ ಉಡುಪುಗಳಿಗೆ ಸಿಕ್ಕಿದ್ದೇ ಹೆಚ್ಚು.

ನಾಟಕಕಾರರ ಏಜೆಂಟರಾಗಿ ಹೆಸರಾಗಿದ್ದ ಎಲಿಸಬೆತ್ ಮಾರ್ಬರಿ ಆಕೆಯ ಬಾಳಸಂಗಾತಿ. ಇರ್ವಿಂಗ್ ಪ್ಲೇಸ್‌ನಲ್ಲಿ ಇಬ್ಬರೂ ವಾಸವಿದ್ದ ಮನೆಯೇ ಎಲ್ಸಿಯ ಮೊದಲ ಪ್ರಯೋಗಶಾಲೆ. ಅದು ವಿಕ್ಟೋರಿಯಾ ಯುಗದ ಕೊನೆಗಾಲ. ಗಾಢವರ್ಣದ ಗೋಡೆ, ದಪ್ಪ ಮಖಮಲ್ಲಿನ ಪರದೆ, ಕುಂಡದಲ್ಲಿ ತಾಳೆಗಿಡ, ಕಾಲಿಡಲು ಜಾಗವಿಲ್ಲದಷ್ಟು ಸಾಮಾನು. 1897-98ರ ಸುಮಾರಿಗೆ ಎಲ್ಸಿ ಇವನ್ನೆಲ್ಲ ಹೊರಹಾಕಿ, ಮರದ ಕೆಲಸಕ್ಕೆ ತಿಳಿಬಣ್ಣ ಬಳಿಸಿದರು. ಕನ್ನಡಿ ಹಾಗೂ ಹದಿನೆಂಟನೆಯ ಶತಮಾನದ ಫ್ರೆಂಚ್ ಶೈಲಿಯ ಹಗುರ ಕುರ್ಚಿಗಳನ್ನು ತಂದರು. ಮನೆಗೆ ಬರುತ್ತಿದ್ದ ಸಾಹಿತಿ, ಕಲಾವಿದ, ಸಿರಿವಂತರೆಲ್ಲ ಅದನ್ನು ನೋಡಿ ಹೋದರು. ಜಾಹೀರಾತಿನ ಖರ್ಚು ಉಳಿಯಿತೆನ್ನಬೇಕು!

ನಿಜವಾದ ಪರೀಕ್ಷೆ ಎದುರಾದದ್ದು ಕಾಲೊನಿ ಕ್ಲಬ್‌ನಲ್ಲಿ. ನಗರದ ಗಣ್ಯ ಮಹಿಳೆಯರು ಮ್ಯಾಡಿಸನ್ ಅವೆನ್ಯೂನಲ್ಲಿ ತಮಗಾಗಿಯೇ ಕಟ್ಟಿಸುತ್ತಿದ್ದ ಕ್ಲಬ್ ಅದು. ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ಒಳಾಂಗಣದ ಹೊಣೆಯನ್ನು ಎಲ್ಸಿಗೆ ವಹಿಸುವಂತೆ ಶಿಫಾರಸು ಮಾಡಿದರು. ಅನುಭವವಿಲ್ಲದವರಿಗೆ ಇಷ್ಟು ದೊಡ್ಡ ಕೆಲಸವೇ ಎಂಬ ಅಪಸ್ವರ ಎದ್ದರೂ ವೈಟ್ ಜಗ್ಗಲಿಲ್ಲ. ಆದರೆ 1906ರ ಜೂನ್‌ನಲ್ಲಿ ಅದೇ ವೈಟ್ ಗುಂಡೇಟಿಗೆ ಬಲಿಯಾದರು. ಬೆಂಬಲಕ್ಕೆ ನಿಂತಿದ್ದವರೇ ಇಲ್ಲವಾದರು. ಕಟ್ಟಡ ಇನ್ನೂ ಪೂರ್ಣಗೊಂಡಿರಲಿಲ್ಲ.

1907ರಲ್ಲಿ ಬಾಗಿಲು ತೆರೆದಾಗ ಸದಸ್ಯೆಯರು ಬೆರಗಾದರು. ಚಹಾ ಕೋಣೆಯ ಗೋಡೆಗಳಿಗೆ ತೋಟದಲ್ಲಿ ಬಳ್ಳಿ ಹಬ್ಬಿಸುವ ಮರದ ಜಾಲರಿ! ಕಿಟಕಿ, ಕುರ್ಚಿಗಳಿಗೆ ಹೂಬಳ್ಳಿ ಮುದ್ರಿಸಿದ ಮಿರುಗುವ ಚಿಂಟ್ಜ್ ಬಟ್ಟೆ. ಅದುವರೆಗೆ ಹಳ್ಳಿಮನೆಗಷ್ಟೇ ಸಾಕೆಂದು ಭಾವಿಸಿದ್ದ ಹತ್ತಿಬಟ್ಟೆ ಅದು. ನಮ್ಮ ಅಜ್ಜಿಯರ ಕಾಲದ ಚೀಟಿಬಟ್ಟೆಗೆ ಇದು ಬಳಗವೇ. ಕೋರಮಂಡಲ ತೀರದ ಬಣ್ಣದ ಬಟ್ಟೆಗಳ ಮೂಲಕ ಯೂರೋಪಿಗೆ ಹೋದ ಈ ಪದದ ಬೇರು ಭಾರತದಲ್ಲಿದೆ. ಕ್ಲಬ್ ಎಲ್ಸಿಯ ಹೆಸರನ್ನು ದೇಶದುದ್ದಕ್ಕೂ ಒಯ್ದಿತು. ಒಂದರ ಹಿಂದೊಂದು ಕೆಲಸ ಬಂದವು. 1913ರಲ್ಲಿ ಗೃಹಾಲಂಕಾರ ಕುರಿತ ಪುಸ್ತಕ ಹೊರಬಂತು. ಅದರ ಬರವಣಿಗೆಯಲ್ಲಿ ರೂಬಿ ರಾಸ್ ಎಂಬ ಪತ್ರಕರ್ತೆಯ ಪಾಲು ದೊಡ್ಡದು.

ಸಂಪತ್ತು ತಂದದ್ದು ಮಾತ್ರ ಉಕ್ಕಿನ ಉದ್ಯಮಿ ಹೆನ್ರಿ ಕ್ಲೇ ಫ್ರಿಕ್. ಫಿಫ್ತ್ ಅವೆನ್ಯೂನಲ್ಲಿ ಆತ ಕಟ್ಟಿಸುತ್ತಿದ್ದ ಸೌಧದ ಮೇಲಂತಸ್ತಿನ ಕುಟುಂಬದ ಕೋಣೆಗಳ ಹೊಣೆ ಎಲ್ಸಿಗೆ ಬಂತು. ಕೊಂಡ ವಸ್ತುಗಳ ಮೇಲೆ ಶೇಕಡ 10ರ ಕಮಿಷನ್. ಪ್ಯಾರಿಸ್ಸಿನಲ್ಲಿ ಗಾಲ್ಫ್ ಆಟಕ್ಕೆ ಹೊರಟಿದ್ದ ಫ್ರಿಕ್ ಅವರನ್ನು ಆಕೆ ಪುರಾತನ ಪೀಠೋಪಕರಣಗಳ ಸಂಗ್ರಹವೊಂದಕ್ಕೆ ಕರೆದೊಯ್ದರಂತೆ. ಅರ್ಧ ಗಂಟೆಯೊಳಗೆ ಆಯ್ಕೆ ಮುಗಿಸಿ ಆತ ಆಟಕ್ಕೆ ನಡೆದರು. ಆ ಒಂದು ಮುಂಜಾನೆ ಎಲ್ಸಿಯ ಹಣದ ಚಿಂತೆ ಕೊನೆಗೊಂಡಿತು.

ಅಮೆರಿಕದ ಮೊದಲ ವೃತ್ತಿಪರ ಒಳಾಂಗಣ ವಿನ್ಯಾಸಕಿ ಎಂಬ ಬಿರುದು ಆಕೆಗೆ ಅಂಟಿಕೊಂಡಿದೆ. ಇದು ಪೂರ್ತಿ ಸರಿಯಲ್ಲ. ಕ್ಯಾಂಡೇಸ್ ವೀಲರ್ ಎಂಬಾಕೆ 1879ರಷ್ಟು ಹಿಂದೆಯೇ ಈ ಕ್ಷೇತ್ರಕ್ಕೆ ಇಳಿದಿದ್ದರು. ಆದರೆ ತನ್ನ ಹೆಸರನ್ನೇ ಸರಕಾಗಿಸುವ ಕಲೆ ಎಲ್ಸಿಗೆ ಒಲಿದಂತೆ ಇನ್ನಾರಿಗೂ ಒಲಿಯಲಿಲ್ಲ.

ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಬೆಂದ ಸೈನಿಕರ ಶುಶ್ರೂಷೆ ಮಾಡಿ ಫ್ರಾನ್ಸಿನ ಗೌರವ ಪಡೆದರು. 1926ರಲ್ಲಿ ಬ್ರಿಟಿಷ್ ರಾಜತಾಂತ್ರಿಕ ಸರ್ ಚಾರ್ಲ್ಸ್ ಮೆಂಡ್ಲ್ ಅವರನ್ನು ಮದುವೆಯಾಗಿ ಎಲ್ಲರನ್ನೂ ಚಕಿತಗೊಳಿಸಿದರು. 1950ರ ಜುಲೈ 12ರಂದು ವರ್ಸೇಲ್ಸ್‌ನ ವಿಲ್ಲಾ ಟ್ರಿಯಾನಾನ್‌ನಲ್ಲಿ ಕೊನೆಯುಸಿರೆಳೆದರು.

ಕಾಲೊನಿ ಕ್ಲಬ್ ಬಹಳ ಹಿಂದೆಯೇ ಬೇರೆಡೆಗೆ ಸ್ಥಳಾಂತರಗೊಂಡಿತು. ಎಲ್ಸಿ ಜಾಲರಿ ಹಬ್ಬಿಸಿದ್ದ ಆ ಹಳೆಯ ಕಟ್ಟಡಕ್ಕೆ 1963ರಲ್ಲಿ ಬಂದದ್ದು ನಟನೆ ಕಲಿಸುವ ಶಾಲೆ.